ಹಸಿರು ದಾರದ ಬಾಟ್ಲಿ

ಯಲವಿಗಿ ನಿಲ್ದಾಣದ ಬೆಂಚಿನಲ್ಲಿ ಕೂತಿದ್ದ ಶೈಲಾಳ ಬೆನ್ನಹಿಂದೆ, ಮನೆಯಲ್ಲೇ ವೈನ್ ಮಾಡುವ ಗೆಳೆಯರಿಬ್ಬರು ವರ್ಷದ ಬಾಟ್ಲಿಗಳನ್ನು ಬಾಯಿ ಚಪ್ಪರಿಸಿ ನೆನೆಯುತ್ತಿದ್ದರು.

“ಯುಗಾದಿಗೆ ತೆಗೆದ ನೇರಳೆ ವೈನ್ ಮರಿಯಾಕ ಆಗಂಗಿಲ್ಲ, ಶಿವಯೋಗಿ.”

“ದ್ರಾಕ್ಷಿದೂ ಚಲೋ ಬಂತು. ಆ ಹಸಿರು ದಾರದ ಖಾಲಿ ಬಾಟ್ಲಿ ಎಲ್ಲಿಟ್ಟಿ?”

“ಅದರಾಗ ದ್ರಾಕ್ಷಿದು ತುಂಬಿ, ನಿನ್ನೆ ಸವಣೂರಿನ ಗೋಣೆಪ್ಪ ಮಾಸ್ತರಿಗೆ ಕೊಟ್ಟೆ.”

“ಹುಚ್ಚ! ಅದು ಹತ್ತಿಗೆ ಹೊಡಿಯೋ ಔಷಧದ ಬಾಟ್ಲಿ. ತುಂಬಬ್ಯಾಡ ಅಂತ ದಾರ ಕಟ್ಟಿದ್ದೆ.”

“ಚಲೋ ಬಾಟ್ಲಿ ಅಂತ ಗುರ್ತು ಮಾಡೀ ಅನ್ಕೊಂಡೆ...”

“ಫೋನ್ ಹಚ್ಚು!”

“ರುಚಿ ಹೆಂಗಿತ್ತಂತ ಕೇಳಾಕ ಮುಂಜಾನಿಂದ ಹಚ್ಚಾಕತ್ತೇನಿ. ಎತ್ತವಲ್ರು.”

ಇಬ್ಬರೂ ಗೇಟಿನತ್ತ ಓಡಿದರು. ಶೈಲಾಳೂ ಅವರ ಹಿಂದೆ ಓಡಿದಳು. ಬೆಳಿಗ್ಗೆ ಹಸಿರು ದಾರದ ಖಾಲಿ ಬಾಟ್ಲಿ ತೊಳೆದಿಟ್ಟು, ರವಿವಾರ ಮಲಗಿರಲಿ ಎಂದು ಗಂಡನ ಫೋನಿನ ದನಿ ಅಡಗಿಸಿ ಬಂದ ಮಾಸ್ತರರ ಹೆಂಡತಿ ಅವಳೇ.