ದೀಪ ಹಚ್ಚುವ ಮೊದಲೇ ಕೊಟ್ಟ ಆಂಪ್ಲಿಫೈಯರ್

ಹೆಸರು ಕಮಲಾಕ್ಷಮ್ಮ, ದಿವಂಗತ ಗುರುಬಸಪ್ಪನವರ ಪತ್ನಿ, ವಯಸ್ಸು 66 ವರ್ಷ, ನಿವೃತ್ತ ಗುಮಾಸ್ತೆ, ವಾಸ 3ನೇ ಅಡ್ಡರಸ್ತೆ, ಗೋವಿಂದರಾಜನಗರ, ಬೆಂಗಳೂರು. ಯಾರ ಒತ್ತಾಯವೂ ಇಲ್ಲದೆ ಠಾಣೆಗೆ ನಾನಾಗಿಯೇ ನಡೆದು ಬಂದು ತಿಳಿಸುವುದೇನೆಂದರೆ:

ನನ್ನ ಮಗ ಗಿರಿರಾಜ್ ನಿನ್ನೆ ಕೊಟ್ಟ ದೂರಿನಲ್ಲಿ, ಅನಘಾ ಎಂಬಾಕೆ ನನ್ನನ್ನು ಮರುಳು ಮಾಡಿ ಮನೆಯಿಂದ ಗಿಟಾರ್ ಆಂಪ್ಲಿಫೈಯರ್ ಸಾಗಿಸಿದ್ದಾಳೆಂದೂ, ನನ್ನ ಬುದ್ಧಿ ಸ್ಥಿಮಿತದಲ್ಲಿಲ್ಲವೆಂದೂ ಬರೆದಿರುತ್ತಾನೆ. ಎರಡೂ ಸುಳ್ಳು.

ಸದರಿ ಆಂಪ್ಲಿಫೈಯರ್ ಹಳೆಯ ರೇಡಿಯೋಗಳಲ್ಲಿ ಇರುತ್ತಿದ್ದಂಥ ಗಾಜಿನ ವಾಲ್ವ್‌ಗಳದ್ದು. ನನ್ನ ಯಜಮಾನರು ಹಗಲು ಕಾರ್ಖಾನೆಯಲ್ಲಿ ದುಡಿದು, ಸಂಜೆ ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸುತ್ತಿದ್ದರು. ತೀರಿಕೊಳ್ಳುವ ಮೊದಲು ಅದನ್ನು ನನ್ನ ವಶಕ್ಕೆ ಕೊಟ್ಟರು, ಮಗನಿಗಲ್ಲ. ಅವರು ಹೋದ ಈ ಮೂರು ವರ್ಷದಿಂದ ಮಗ ಅದರ ಸ್ವಿಚ್ಚನ್ನೂ ಮುಟ್ಟಿದವನಲ್ಲ. ಮೇಲೆ ಹೆಲ್ಮೆಟ್ ಇಡುತ್ತಿದ್ದ. ಕಳೆದ ಮಂಗಳವಾರ, ಒಳಗಿನದ್ದೆಲ್ಲ ಕಿತ್ತು ಚಪ್ಪಲಿ ಸ್ಟ್ಯಾಂಡ್ ಮಾಡಿಸುವುದಾಗಿಯೂ, ಗುರುವಾರ ಬೆಳಿಗ್ಗೆ ಬಡಗಿ ಬರುವುದಾಗಿಯೂ ತಿಳಿಸಿದ.

ಅನಘಾ ಬಸವೇಶ್ವರನಗರದಲ್ಲಿ ಗಿಟಾರ್ ಕಲಿಸುವವಳು. ಹಿಂದೆ ಎರಡು ಸಲ ಮನೆಗೆ ಬಂದು ಆಂಪ್ಲಿಫೈಯರ್ ಕೇಳಿದ್ದಳು, ನಾನು ಕೊಟ್ಟಿರಲಿಲ್ಲ. ಬುಧವಾರ ನಾನೇ ಫೋನ್ ಮಾಡಿ ಇವತ್ತೇ ಬಂದು ಕೊಂಡುಕೋ ಎಂದೆ. ಐದು ಗಂಟೆಗೆ ಬರಬೇಕಿದ್ದವಳು, "ಆಂಟಿ, ಮಾಗಡಿ ರೋಡಲ್ಲಿ ಸಿಕ್ಕಾಕ್ಕೊಂಡಿದೀನಿ, ಲೇಟಾಗುತ್ತೆ" ಎಂದು ಫೋನಿನಲ್ಲಿ ತಿಳಿಸಿದಳು.

ನಮ್ಮ ಮನೆಯಲ್ಲಿ ಸಂಜೆ ದೀಪ ಹಚ್ಚಿದ ಮೇಲೆ ಯಾವ ವಸ್ತುವನ್ನೂ ಹೊರಗೆ ಕೊಡುವ ಪದ್ಧತಿಯಿಲ್ಲ. ಮೊಸರಿನ ಹೆಪ್ಪನ್ನೂ ಕೊಡುವುದಿಲ್ಲ. ಮರುದಿನ ಬಾ ಎಂದರೆ ಬಡಗಿ ಮೊದಲು ಬರುತ್ತಿದ್ದ. ಆದ್ದರಿಂದ ಆರು ಗಂಟೆಗೆ ಹಚ್ಚುವ ದೀಪವನ್ನು ಆ ದಿನ ಬೇಕೆಂದೇ ಹಚ್ಚದೆ, ಬೆಂಕಿಪೆಟ್ಟಿಗೆ ಸೊಂಟಕ್ಕೆ ಸಿಕ್ಕಿಸಿಕೊಂಡು ಬಾಗಿಲಲ್ಲಿ ಕುಳಿತಿದ್ದೆ.

ಅನಘಾ 6.50ಕ್ಕೆ ಬಂದಳು. ಆಂಪ್ಲಿಫೈಯರ್ ಸ್ವಿಚ್ ಹಾಕಿ, ವಾಲ್ವ್ ಬಿಸಿಯಾಗಲಿ ಎಂದು ತಾನು ತಂದ ಗಿಟಾರ್ ಮುಟ್ಟದೆ ಕಾದಳು. ಧೂಳು ಸುಟ್ಟ ವಾಸನೆ ಬಂತು. ಯಜಮಾನರು ಪಕ್ಕದ ಕೋಣೆಯಲ್ಲೇ ಇದ್ದಾರೆ ಎನ್ನಿಸಿತು. ಅವಳು ನುಡಿಸಿದಾಗ ಅಡುಗೆಮನೆಯ ಪಾತ್ರೆಗಳು ಅದುರಿದವು, ನನಗೆ ಅಳು ಬಂತು. ಅದು ನನ್ನ ಸ್ವಂತ ಅಳು, ಯಾರೂ ಅಳಿಸಿದ್ದಲ್ಲ. ಒಪ್ಪಿದ ಬೆಲೆ ಕೊಟ್ಟು, ಆಟೋದವರ ಜೊತೆ ಹೊತ್ತುಕೊಂಡು ಹೋದಳು.

ಆಟೋ ತಿರುವು ದಾಟುವುದಕ್ಕೂ ಮಗ ಬರುವುದಕ್ಕೂ ಸರಿಹೋಯಿತು. "ದೇವರ ಮನೇಲಿ ದೀಪ ಇಲ್ಲ, ಅಪ್ಪನ ಆಂಪೂ ಇಲ್ಲ! ಏನಾಯ್ತಮ್ಮ ನಿಂಗೆ? ಯಾರೋ ಏನೋ ಮಾಡಿದಾರೆ" ಎಂದು ಕೂಗಾಡಿದ. ಅನಘಾಗೆ ನಾನೇ ಮಾರಿದೆ ಎಂದರೆ, ಅವಳ ಹೆಸರೊಂದು ಬಿಟ್ಟು ಬೇರೇನೂ ಅವನ ಕಿವಿಗೆ ಬೀಳಲಿಲ್ಲ. ಹುಟ್ಟಿದಾಗಿನಿಂದ ನಾನು ದೀಪ ತಪ್ಪಿಸಿದ್ದನ್ನು ಕಾಣದವನು, ಅದನ್ನೇ ನನ್ನ ಹುಚ್ಚಿಗೆ ಸಾಕ್ಷಿ ಮಾಡಿಕೊಂಡು ದೂರು ಕೊಟ್ಟಿರುತ್ತಾನೆ.

ಅನಘಾಳನ್ನು ಠಾಣೆಗೆ ಕರೆಸಕೂಡದು. ಆಂಪ್ಲಿಫೈಯರ್ ಈಗ ಅವಳದು. ಅದನ್ನು ವಾಪಸ್ ತಂದರೆ ನಾನೇ ಮತ್ತೆ ಆಟೋ ಹಿಡಿದು ಅವಳ ಮನೆಯಲ್ಲಿ ಇಳಿಸಿ ಬರುತ್ತೇನೆ.

ನನ್ನ ಹಿಂದೆಯೇ ಬಂದ ಮಗ ಹೊರಗೆ ಸ್ಕೂಟರ್ ನಿಲ್ಲಿಸಿಕೊಂಡು, "ಬಾಮ್ಮ, ಮನೇಲಿ ಮಾತಾಡೋಣ" ಎನ್ನುತ್ತಿದ್ದಾನೆ. ನನ್ನ ಬುದ್ಧಿ ಸ್ಥಿಮಿತದಲ್ಲಿಲ್ಲ ಎಂಬ ಸಾಲನ್ನು ಅವನು ತನ್ನ ಕೈಯಾರೆ ಹೊಡೆದುಹಾಕುವವರೆಗೆ ನಾನು ಈ ಬೆಂಚಿನಿಂದ ಏಳುವುದಿಲ್ಲ.

ಬರೆದದ್ದನ್ನು ನಾನೇ ಓದಿ ನೋಡಿರುತ್ತೇನೆ. ಹೇಳಿದ್ದು ಹೇಳಿದಂತೆ ಇದೆ, ಎಲ್ಲವೂ ನಿಜ.

ಸ್ಥಳ: ಬೆಂಗಳೂರು
ದಿನಾಂಕ: 08-11-2024
(ಸಹಿ) ಕಮಲಾಕ್ಷಮ್ಮ