ಹೊಂಗೆಕಟ್ಟೆಯ ನೂರಕ್ಕೆ ನೂರು

"ಹಲೋ... ಹಲೋ, ಯಾರ್ರೀ ಮಾತಾಡೋದು? ... ಹೊಂಗೆಕಟ್ಟೆ ಸರ್ಕಾರಿ ಹೈಸ್ಕೂಲ್ ಹೆಡ್‌ಮಾಸ್ಟ್ರು ವಿಜಯಕುಮಾರ್ ಅವರೇನಾ? ... ಹಾಂ. ನಾನು ವಾಮದೇವಪ್ಪ, ಆಫೀಸಿಂದ... ಕೂತ್ಕೊಳ್ರಿ, ಫೋನಿಗೆಲ್ಲ ಎದ್ದು ನಿಲ್ಲಬಾರದು. ತಿಳೀತಾ?"

ಹರಿಹರದ ತನ್ನ ಫ್ಲೆಕ್ಸ್ ಅಂಗಡಿಯಲ್ಲಿ ಕೂತಿದ್ದ ರುದ್ರಮುನಿ ಫೋನಿಗೆ ಅಂಗೈ ಮುಚ್ಚಿ, ಎದುರಿನ ಸ್ಟೂಲಿನ ಮೇಲಿದ್ದ ಭಾವ ಉಜ್ಜನಪ್ಪನಿಗೆ ಕಣ್ಣು ಹೊಡೆದ. ಶಿಕ್ಷಣಾಧಿಕಾರಿ ವಾಮದೇವಪ್ಪನವರ ಗಂಟಲು, ಮೂಗು, ಮಾತಿನ ಬಾಲಕ್ಕೊಂದು 'ತಿಳೀತಾ', ಎಲ್ಲವನ್ನೂ ಅವನು ಸಮಾರಂಭಗಳಿಗೆ ಬ್ಯಾನರು ಕಟ್ಟುತ್ತ ಕಟ್ಟುತ್ತ ಕದ್ದುಕೊಂಡಿದ್ದ.

"ಹೊಸ ನಂಬರಾ? ... ಇದು ನನ್ನ ಎರಡನೇದು. ಬರೆದಿಟ್ಕೊಳ್ಳೋದು ಬ್ಯಾಡ..."

"ಹಾಂ, ಶಾಲೆ ಶಾಲೆ ಹೋಲಿಸಿ ಒಂದು ಪಟ್ಟಿ ಮಾಡ್ತಿದೀನಿ. ನಿಮ್ದೂ ಎಳ್ಳುಗೆರೆದೂ ಪಕ್ಕಪಕ್ಕ ಇಡಬೇಕು. ಹೋದ ವರ್ಷ ಎಷ್ಟು ಕೂತ್ರು, ಎಷ್ಟು ಪಾಸು? ... ಮೂವತ್ಮೂರಕ್ಕೆ ಮೂವತ್ಮೂರು. ಭೇಷ್!"

ರುದ್ರಮುನಿ ಹರಿದ ಫ್ಲೆಕ್ಸ್ ತುಂಡೊಂದರ ಬೆನ್ನಿಗೆ 'ಹೊಂಗೆಕಟ್ಟೆ 100' ಎಂದು ದೊಡ್ಡದಾಗಿ ಬರೆದು ಭಾವನ ಕಡೆ ತಿರುಗಿಸಿದ. ಬೆಳಗಿನಿಂದ ಇಬ್ಬರ ಜಗಳ ಇದೇ. ಮನೆಗೆ ಹತ್ತಿರದ ಎಳ್ಳುಗೆರೆ ಹೈಸ್ಕೂಲು ಬಿಡಿಸಿ, ಭಾವನ ಮಗಳು ಸ್ನೇಹಾಳನ್ನು ಹದಡಿಯಲ್ಲಿ ಬಸ್ಸು ಬದಲಿಸಿ ಹೋಗುವ ಹೊಂಗೆಕಟ್ಟೆಗೆ ಸೇರಿಸಿದವನು ರುದ್ರಮುನಿ. ಆ ಶಾಲೆಯ 'ಶೇಕಡ ನೂರು' ಬ್ಯಾನರನ್ನು ಅಚ್ಚು ಹಾಕಿದ್ದೇ ತಾನು, ಅದಕ್ಕಿಂತ ಸಾಕ್ಷಿ ಬೇಕೇ? ಸ್ನೇಹಾ ಈಗ ಹತ್ತನೇ ಕ್ಲಾಸು. 'ಎಳ್ಳುಗೆರೆನೇ ಚಲೋ ಇತ್ತು' ಎಂದು ಭಾವ ಗೊಣಗಿದ್ದಕ್ಕೇ ಈ ಫೋನು.

"ಎಳ್ಳುಗೆರೆದು ಎಷ್ಟಂತೆ? ... ಮೂವತ್ತೇಳರಲ್ಲಿ ಇಪ್ಪತ್ಮೂರಾ? ಅಷ್ಟೇನಾ? ... ಹೋಲಿಕೆಗೇ ನಾಚಿಕೆ ಆಗುತ್ತೆ ಬಿಡ್ರಿ."

'62' ಎಂದು ಬರೆದು ಅದರ ಕೆಳಗೆ ಅಳುವ ಮುಖವೊಂದನ್ನೂ ಬಿಡಿಸಿದ. ಉಜ್ಜನಪ್ಪ ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡ.

"ಈ ವರ್ಷನೂ ನೂರೇ ತಾನೆ? ... ಗ್ಯಾರಂಟಿನಾ? ಪರೀಕ್ಷೆ ಇನ್ನೂ ನಾಲ್ಕು ತಿಂಗಳು ಇದೆಯಲ್ರಿ, ಈಗ್ಲೇ ಗ್ಯಾರಂಟಿನಾ? ... ಹಾಂ... ನಲವತ್ತೊಂದರಲ್ಲಿ ಮೂವತ್ನಾಕು... ಉಳಿದ ಏಳು ಹಾಜರಾತಿ ಕಮ್ಮಿ. ಹಾಜರಾತಿ ಕೇಳಿದ್ರೆ ಬರೀ ಬೇಜಾರಾತಿ ಅಂತೀರಲ್ರಿ!"

ತನ್ನ ಹಾಸ್ಯಕ್ಕೆ ಆ ಕಡೆಯಿಂದ ನಗು ಉಕ್ಕಿದ್ದು ಕೇಳಿ ರುದ್ರಮುನಿ ಉಬ್ಬಿದ. ಆ ಏಳು ಮಕ್ಕಳು ಯಾರು, ಯಾಕೆ ಎಂದು ಕೇಳಬಹುದಿತ್ತು. ಕೇಳಿದರೆ ಸಾಹೇಬರಿಗೆ ಇಷ್ಟೂ ಗೊತ್ತಿಲ್ಲವೇ ಎಂದುಕೊಂಡಾರು. ಅವನೊಳಗಿನ ಸಾಹೇಬರು ಮೂಗಿನಲ್ಲೇ ಹ್ಞೂಂಗುಟ್ಟಿದರು.

"ಏನು, ನನ್ನ ಮಾತಿಗೇ ಕಾಯ್ತಾ ಇದ್ರಾ? ... ಪರೀಕ್ಷೆಗೆ ಕೂರೋರ ಪಟ್ಟಿನಾ? ... ಸಂಜೆ ಐದಕ್ಕೆ ಕಡೇನಾ? ಮತ್ತೆ ಯಾಕ್ರೀ ತಡ? ಕಂಪ್ಯೂಟರಲ್ಲಿ ಬಟನ್ ಒತ್ರಿ! ಒತ್ತಿ ಕೈ ತೊಳ್ಕೊಳ್ರಿ. ತಿಳೀತಾ?"

"..."

"ಹೋಯ್ತಾ? ಸಂತೋಷ... ಅಲ್ಲ, ಎಳ್ಳುಗೆರೆಯವರು ಯಾಕೆ ನಿಮ್ ಥರ ಮಾಡಲ್ಲ? ... ಹುಚ್ಚರಾ? ಎಲ್ಲಾ ಮಕ್ಕಳನ್ನೂ ಕೂರಿಸ್ತಾರಾ? ದಡ್ಡರನ್ನೂ? ... ಹಾಂ... ಅದಕ್ಕೇ ಅರವತ್ತೆರಡು..."

ಪೆನ್ನು ಅಳುಮುಖದ ಮೇಲೆಯೇ ನಿಂತುಬಿಟ್ಟಿತು.

"ಅಂದ್ರೆ, ನಿಮ್ಮ ಆ ಏಳು ಜನ... ಶಾಲೆಗೆ ಬರ್ತಾ ಇಲ್ಲ ಅಲ್ವಾ? ... ದಿನಾ ಬರ್ತಾರಾ? ಮತ್ತೆ ಹಾಜರಾತಿ ಹೆಂಗೆ ಕಮ್ಮಿ? ... ಪೆನ್ಸಿಲಲ್ಲಿ ಹಾಕ್ತೀರಾ? ... ಫೇಲಾಗೋರದ್ದು ಮಾತ್ರ... ಆಮೇಲೆ ಅಳಿಸಿದ್ರೆ ಆಯ್ತು ಅಂತೀರಾ..."

ಫ್ಲೆಕ್ಸ್ ಯಂತ್ರ ಗರ್ರೆಂದು ಆಚೆಯಿಂದ ಈಚೆಗೆ ಬಂದು ಮತ್ತೆ ಆಚೆಗೆ ಹೋಯಿತು. ಏನಂತೆ ಎಂದು ಉಜ್ಜನಪ್ಪ ಹುಬ್ಬಿನಲ್ಲೇ ಕೇಳಿದ. ರುದ್ರಮುನಿ ಮುಖ ತಿರುಗಿಸಿಕೊಂಡ.

"ಹೆಸರು ಓದ್ರಿ... ಏಳೂ ಓದ್ರಿ, ನಾನು ಬರ್ಕೊತೀನಿ... ಹಾಂ... ಹಾಂ... ಮುಂದೆ... ಏನಂದ್ರಿ? ... ಇನ್ನೊಂದ್ಸಲ... ಸ್ನೇಹಾ ಯು. ಯು ಅಂದ್ರೆ? ... ತಂದೆ ಹೆಸರು ಹೇಳ್ರಿ... ಉಜ್ಜ... ಹಾಂ. ಬ್ಯಾಡ, ಸಾಕು. ಮುಂದಿಂದು ಬ್ಯಾಡ."

ನಾಲ್ಕನೆಯ ಹೆಸರನ್ನು ಅವನು ಬರೆಯಲಿಲ್ಲ. ಇವತ್ತೂ ಬೆಳಿಗ್ಗೆ ಏಳಕ್ಕೆ ಡಬ್ಬಿ ಕಟ್ಟಿಕೊಂಡು ಬಸ್ಸು ಹತ್ತಿದ್ದಾಳೆ ಎಂದು ಅಕ್ಕ ನಿರ್ಮಲಮ್ಮ ಹೇಳಿದ್ದಳು. ಗಣಿತ ಒಂದು ಸ್ವಲ್ಪ ಕಷ್ಟ ಅನ್ನುತ್ತಾಳೆ, ಅಷ್ಟೇ.

"ವಿಜಯಕುಮಾರ್ ಅವರೇ, ಈಗ ಒತ್ತಿದ್ರಲ್ಲ, ಅದನ್ನ ವಾಪಸ್ ತಗೊಳ್ರಿ... ಆಗಲ್ವಾ? ಯಾಕಾಗಲ್ಲ? ... ಒತ್ತಿದ ಮೇಲೆ ಪಟ್ಟಿಗೆ ಬೀಗ ಬಿತ್ತಾ? ... ಹಾಂ, ನಾನು ಹೇಳಿದ್ದಕ್ಕೇ ಒತ್ತಿದ್ರಿ, ಒಪ್ತೀನಿ... ಯಾರು ತೆಗೀಬೇಕು ಬೀಗಾನ? ... ನಾನಾ? ನನ್ನ ಲಾಗಿನ್ನಿಂದಾನಾ? ... ನನ್ನ ಹತ್ರ ಎಲ್ಲೈತ್ರೀ ಲಾಗಿನ್ನು!"

ಸಾಹೇಬರ ಮೂಗು ಅವನಿಂದ ಜಾರಿಬಿಟ್ಟಿತ್ತು. ಗಂಟಲು ಹಿಡಿದು ಮತ್ತೆ ಆ ದನಿ ಹುಡುಕಿದ. ಸಿಗಲಿಲ್ಲ. ಗೋಡೆಯ ಗಡಿಯಾರದಲ್ಲಿ ಐದಕ್ಕೆ ಹತ್ತು ನಿಮಿಷ. ಉಜ್ಜನಪ್ಪ ಸ್ಟೂಲಿನಿಂದ ಎದ್ದಿದ್ದ.

"ಕೇಳ್ರಿ ಇಲ್ಲಿ. ನಾನು ವಾಮದೇವಪ್ಪ ಅಲ್ಲ... ಅಲ್ರೀ, ಪರೀಕ್ಷೆ ಮಾಡ್ತಿಲ್ಲ ನಿಮ್ಮನ್ನ! ನಾನು ರುದ್ರಮುನಿ, ಹರಿಹರದ ಫ್ಲೆಕ್ಸ್ ಅಂಗಡಿ... ಆ ಹುಡುಗಿ ಸೋದರಮಾವ... ಈಗ್ಲೇ ಸಾಹೇಬ್ರಿಗೆ ಫೋನ್ ಹಚ್ರಿ, ನಿಜವಾದ ಸಾಹೇಬ್ರಿಗೆ... ಯಾಕ್ರೀ ನಗ್ತೀರಿ? ನಗಬ್ಯಾಡ್ರಿ, ಕೈ ಮುಗೀತೀನಿ..."

"ಏನಂದ್ರಿ? ... ಸಾಹೇಬ್ರು ರುದ್ರಮುನಿ ದನಿ ಚಂದ ತೆಗೀತಾರೆ ಅಂತೀರಾ? ... ಇದು ನನ್ನ ದನೀರೀ! ಇದೇ ನನ್ನ ದನಿ! ... ಫೋನ್ ಇಡಬ್ಯಾಡ್ರಿ... ಹಲೋ... ಆ ಒಂದು ಹೆಸರು... ಹಲೋ? ... ಹಲೋ..."