ಉಬ್ಬದ ಕಲ್ಲು

ವಡೋದರಾದ ಫತೇಗಂಜ್ ಬಸ್ ನಿಲ್ದಾಣದಲ್ಲಿ ಕನ್ನಡ ಕಿವಿಗೆ ಬಿದ್ದದ್ದೇ ತಡ, ಬಸ್ಸಿಗೆ ಕಾಯುತ್ತಿದ್ದ ಪ್ರೇಮಾ ಫೋನು ನೋಡುವಂತೆ ನಟಿಸುತ್ತ ಗಮನವನ್ನೆಲ್ಲ ಅತ್ತ ಇಟ್ಟಳು. ಬೆಂಚಿನ ಮೇಲೆ ಚಹಾ ಕುಡಿಯುತ್ತಿದ್ದವನು ಐವತ್ತರ ಆಸುಪಾಸಿನವನು. ಕೂರಲಾರದೆ ಎದುರಿಗೆ ನಿಂತವಳು ಅವನ ಲ್ಯಾಬಿನ ಹುಡುಗಿ ಇರಬೇಕು.

“ಸರ್, ನಮ್ಮ ಕೆಮಿಕಲ್ ಹಾಕಿದ್ರೆ ಶೇಲ್ ಕಲ್ಲು ನೀರಲ್ಲಿ ಉಬ್ಬಲ್ಲ ಅಂತ ರಿಪೋರ್ಟ್ ಕೊಟ್ವಲ್ಲ.”

“ಹೂಂ. ಹೊಸ ಎಣ್ಣೆಬಾವಿ ರಿಗ್‌ನಲ್ಲಿ ಹನ್ನೆರಡಕ್ಕೆ ಅದನ್ನ ಬಾವಿಗೆ ಬಿಡೋ ಕೆಸರಿಗೆ, ಆ ಮಡ್‌ಗೆ ಬೆರೆಸ್ತಾರೆ.”

“ನಾವು ಟೆಸ್ಟ್ ಮಾಡಿದ ಕಲ್ಲಿನ ಚೂರು ಪಕ್ಕದ ಹಳೇ ಬಾವೀದು. ಅದನ್ನ ಕೊರೆದಾಗ ಮಡ್‌ನಲ್ಲಿ ಪೊಟ್ಯಾಸಿಯಂ ಇತ್ತಂತೆ.”

ಲೋಟ ತುಟಿಯ ಹತ್ತಿರವೇ ನಿಂತಿತು.

“ಅಂದ್ರೆ ಆ ಕಲ್ಲು ಆಗಲೇ ಪೊಟ್ಯಾಸಿಯಂ ಹೀರ್ಕೊಂಡಿತ್ತು. ಹೀರ್ಕೊಂಡ ಮೇಲೆ ಅದು ಹೇಗೂ ಉಬ್ಬಲ್ಲ.”

“ಅದಕ್ಕೇ ಬೆಳಗ್ಗೆ ಬರೀ ನೀರಲ್ಲಿ ಹಾಕಿ ನೋಡ್ದೆ. ಅದ್ರಲ್ಲೂ ಉಬ್ಬಲಿಲ್ಲ. ನಮ್ಮ ಕೆಮಿಕಲ್ ಕೆಲಸ ಮಾಡತ್ತೋ ಇಲ್ವೋ ಗೊತ್ತೇ ಇಲ್ಲ.”

“ಇದನ್ನ ಮೊದಲೇ ಯಾಕೆ ನೋಡ್ಲಿಲ್ಲ ನೀನು?”

“ಟೈಮಿಲ್ಲ, ಬಿಡು ಅಂದ್ರಿ ನೀವು.”

ಅವನು ಲೋಟ ಕೆಳಗಿಟ್ಟು ಗಡಿಯಾರ ನೋಡಿದ.

“ಹೊಸ ಬಾವಿ ಗೋಡೆ ಉಬ್ಬಿ ಕೊರೆಯೋ ಪೈಪ್ ಹಿಡ್ಕೊಂಡ್ರೆ ಏನು ಮಾಡೋದು ಸರ್? ಹನ್ನೊಂದೂವರೆ ಆಗ್ತಾ ಬಂತು.”

ಅವನು ರಿಗ್‌ಗೆ ಫೋನ್ ಮಾಡಿ ಹಿಂದಿಯಲ್ಲಿ ಮಾತಾಡಿದ. ಲ್ಯಾಬಿನ ಹುಡುಗಿಯಿಂದ ತಪ್ಪಾಗಿದೆ, ಹೊಸಬಳು, ಬೆರೆಸುವುದನ್ನು ನಿಲ್ಲಿಸಿ ಎಂದ. ಅಷ್ಟೂ ಹುಡುಗಿಗೆ ಕೇಳಿಸಿತು. ಪ್ರೇಮಾಳಿಗೆ ತಾನೇ ಹೋಗಿ ಅವನಿಗೆ ಎರಡು ಮಾತು ಆಡಿಬಿಡೋಣ ಅನ್ನಿಸಿತು.

“ನಿಲ್ಲಿಸ್ತಾರಂತಾ ಸರ್?”

“ನಿಲ್ಲಿಸಿದ್ರು.”

“ಸದ್ಯ,” ಎಂದವಳೇ ಹುಡುಗಿ ಕೈಬೀಸಿ ಆಟೋ ನಿಲ್ಲಿಸಿದಳು. “ಯಾವ ಮಡ್ಡೂ ತಾಗದ ಕಲ್ಲು ಹುಡುಕಬೇಕು, ಬನ್ನಿ.”

ಅವನು ತಲೆ ಬಗ್ಗಿಸಿ ಅವಳ ಹಿಂದೆ ಹತ್ತಿದ.